ಅಯೋವಾದ ಹೈಸ್ಕೂಲ್ ಬೇಸ್‌ಬಾಲ್ ಬೇಸಿಗೆಯಲ್ಲೇ ಇರಬೇಕಾ?

ಪರ

ಅಮೆರಿಕದ ಬೇರೆ ರಾಜ್ಯಗಳಲ್ಲಿ ಹೈಸ್ಕೂಲ್ ಬೇಸ್‌ಬಾಲ್ ಚಳಿ ಇಳಿಯುವಾಗ ಶುರುವಾಗಿ ಬೇಸಿಗೆ ರಜೆ ಹೊತ್ತಿಗೆ ಮುಗಿಯುತ್ತದೆ. ಅಯೋವಾ ಒಂದೇ ಬೇರೆ. ಇಲ್ಲಿ ಮೇ ತಿಂಗಳಲ್ಲಿ ಶುರು, ಜುಲೈ ಕೊನೆಗೆ ಮುಕ್ತಾಯ. ವಿಸ್ಕಾನ್ಸಿನ್‌ನ ಕೆಲವು ಶಾಲೆಗಳೂ ಹೀಗೇ ಆಡುತ್ತಿದ್ದವು, 2018ರ ನಂತರ ಅಲ್ಲೂ ನಿಂತುಹೋಯಿತು. ಈಗ ನಾವೂ ವಸಂತಕ್ಕೆ ಬದಲಾಗಬೇಕಂತೆ. ಯಾಕೆ, ಸುಮ್ನೆ ಎಲ್ಲರ ಹಾಗೆ ಇರೋದಕ್ಕಾ?

ಏಪ್ರಿಲ್ ಮೊದಲ ವಾರ ಇಲ್ಲಿನ ಮೈದಾನದಲ್ಲಿ ಅರ್ಧ ಗಂಟೆ ನಿಂತು ನೋಡಿ. ಜೇಬಿನಿಂದ ಕೈ ಹೊರಗೆ ಬರುವುದಿಲ್ಲ. ಆ ಚಳಿಯಲ್ಲಿ ಲೋಹದ ಬ್ಯಾಟಿನ ಹಿಡಿಯ ಹತ್ತಿರ ಚೆಂಡು ಬಡಿದರೆ ಅಂಗೈ ಜುಮ್ಮೆಂದು, ಹುಡುಗ ಬ್ಯಾಟ್ ಬಿಸಾಕಿ, ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಣಿಯುತ್ತಾನೆ. ಇದರಲ್ಲಿ ಅವನು ಏನು ಕಲಿತಾನು?

ತೋಳಿನ ವಿಷಯ ಇನ್ನೂ ಮುಖ್ಯ. ಬೇರೆ ರಾಜ್ಯದ ಒಳ್ಳೆ ಪಿಚರ್ (ಚೆಂಡು ಎಸೆಯುವವನು) ಮಾರ್ಚ್‌ನಿಂದ ಶಾಲೆಗೆ ಎಸೆಯುತ್ತಾನೆ, ಅದು ಮುಗಿದ ವಾರವೇ ಟ್ರಾವೆಲ್ ಟೀಮ್, ಅಂದರೆ ಊರೂರು ಸುತ್ತಿ ಆಡುವ ಖಾಸಗಿ ತಂಡ, ಅದೂ ಮುಗಿದರೆ ಶೋಕೇಸ್, ಅಂದರೆ ಕೋಚ್‌ಗಳ ಮುಂದೆ ಆಡಿ ತೋರಿಸುವ ಕೂಟ. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಮೇಲ್ಮಟ್ಟದ ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸಂಸ್ಥೆ ಸೇರಿ ಮಾಡಿದ ಪಿಚ್ ಸ್ಮಾರ್ಟ್ ಸೂಚನೆಗಳು ವರ್ಷಕ್ಕೆ 4 ತಿಂಗಳಾದರೂ ಪಂದ್ಯದಲ್ಲಿ ಎಸೆಯಬೇಡಿ ಅನ್ನುತ್ತವೆ. ಅವನ ಕ್ಯಾಲೆಂಡರಿನಲ್ಲಿ ಆ 4 ತಿಂಗಳು ಎಲ್ಲಿದೆ ಹುಡುಕಿ. ನಮ್ಮ ಚಿಕ್ಕ ಊರಿನ ಹುಡುಗ ಏಪ್ರಿಲ್‌ನಲ್ಲಿ ಓಟದ ತಂಡದಲ್ಲಿರುತ್ತಾನೆ, ತೋಳಿಗೆ ವಿಶ್ರಾಂತಿ ಸಿಗುತ್ತದೆ. ಎರಡೂ ಆಟ ಒಂದೇ ಸಮಯಕ್ಕೆ ಬಂದರೆ ಇಂಥ ಶಾಲೆಗಳಲ್ಲಿ ಒಂದು ತಂಡಕ್ಕೆ ಹುಡುಗರೇ ಸಾಲದು.

ಇನ್ನು ಜೂನ್ ಸಂಜೆ, ಲೈಟ್ ಕೆಳಗಿನ ಪಂದ್ಯ, ಊರಿಂದ ಬಂದ ಅಜ್ಜ ಮಡಚುವ ಕುರ್ಚಿಯಲ್ಲಿ ಕೂತು "ಇದರಲ್ಲಿ ಓವರ್ ಎಷ್ಟು?" ಅಂತ ಕೇಳುವುದು. ಪರೀಕ್ಷೆ ಇಲ್ಲ, ಹೋಮ್‌ವರ್ಕ್ ಇಲ್ಲ. ಇದನ್ನು ಯಾಕೆ ಬಿಡಬೇಕು?

ವಿರೋಧ

ಚಳಿ ಇದೆ, ಒಪ್ಪಿದೆ. ಮಿನ್ನೆಸೋಟಾ ನಮಗಿಂತ ಉತ್ತರಕ್ಕಿದೆ, ಅವರು ವಸಂತದಲ್ಲೇ ಆಡುತ್ತಾರಲ್ವಾ?

ಆಟವನ್ನು ಸೀರಿಯಸ್ಸಾಗಿ ತಗೊಂಡ ಹುಡುಗನಿಗೆ ಮುಖ್ಯ ಆಗುವುದು ಅವನನ್ನು ಯಾರು ನೋಡುತ್ತಾರೆ ಅನ್ನೋದು. ಕಾಲೇಜು ಕೋಚ್‌ಗಳಿಗೆ ಫೆಬ್ರವರಿಯಿಂದ ಅವರದೇ ಪಂದ್ಯಗಳು. ಅದು ಮುಗಿದ ಮೇಲೆ, ಜೂನ್-ಜುಲೈನಲ್ಲಿ, ಅವರು ಹುಡುಗರನ್ನು ಹುಡುಕಲು ಹೊರಡುತ್ತಾರೆ. ಹೋಗುವುದು ಜಾರ್ಜಿಯಾ ರಾಜ್ಯದ ಲೇಕ್‌ಪಾಯಿಂಟ್‌ನಂಥ ಜಾಗಕ್ಕೆ, ಪಕ್ಕಪಕ್ಕದ ಮೈದಾನಗಳಲ್ಲಿ ಸಾಲಾಗಿ ತಂಡಗಳು ಸಿಗುವ ಕಡೆ. ಅದನ್ನು ಬಿಟ್ಟು ಜೋಳದ ಹೊಲದ ನಡುವಿನ ನಮ್ಮ ಮೈದಾನಕ್ಕೆ ಒಬ್ಬ ಹುಡುಗನಿಗಾಗಿ ಎಷ್ಟು ಜನ ಬಂದಾರು?

ಈ ಮಾತು ತೆಗೆದರೆ ಇಲ್ಲಿ ಯಾರಾದರೂ ಬಾಬ್ ಫೆಲ್ಲರ್ ಹೆಸರು ಹೇಳುತ್ತಾರೆ. ವ್ಯಾನ್ ಮೀಟರ್ ಊರಿನ ರೈತನ ಮಗ, ಆಟಗಾರರನ್ನು ಹುಡುಕುವ ಸ್ಕೌಟ್ ಹೊಲಕ್ಕೇ ಹುಡುಕಿಕೊಂಡು ಬಂದು ಒಂದು ಡಾಲರಿಗೆ, ಆಟಗಾರರ ಸಹಿ ಇದ್ದ ಒಂದು ಚೆಂಡಿಗೆ ಒಪ್ಪಂದ ಮಾಡಿಕೊಂಡ. 1936ರಲ್ಲಿ, 17ನೇ ವಯಸ್ಸಿಗೆ, ಮೇಜರ್ ಲೀಗ್‌ನ ಕ್ಲೀವ್‌ಲ್ಯಾಂಡ್ ತಂಡದ ಪರ ಮೊದಲ ಸಲ ಪಂದ್ಯ ಆರಂಭಿಸಿದ ದಿನವೇ 15 ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್‌ನಲ್ಲಿ ಬ್ಯಾಟರನ್ನು ಔಟ್ ಮಾಡಿದ್ದು. ಆಮೇಲೆ ವಾಪಸ್ ಬಂದು ಹೈಸ್ಕೂಲ್ ಮುಗಿಸಿದ! ಅಂಥವನು ಎಲ್ಲಿ ಎಸೆದರೂ ಕಣ್ಣಿಗೆ ಬೀಳುತ್ತಾನೆ. ನಾನು ಹೇಳುತ್ತಿರುವುದು ಅವನಿಗಿಂತ ನಾಲ್ಕು ಮೆಟ್ಟಿಲು ಕೆಳಗಿರುವ ಹುಡುಗನ ಬಗ್ಗೆ.

ತೋಳು ಉಳಿಯುತ್ತದೆ ಅನ್ನುವುದೂ ಅರ್ಧ ಸತ್ಯ. ಶಾಲೆ ಒಪ್ಪಿದ ಕಡೆ ಹುಡುಗ ವಾರದಲ್ಲಿ ಶಾಲೆಗೆ ಎಸೆದು ಶನಿವಾರ ಟ್ರಾವೆಲ್ ಟೀಮಿಗೂ ಎಸೆಯುತ್ತಾನೆ. ಇವರ ಎಸೆತಗಳ ಲೆಕ್ಕ ಇವರ ಪುಸ್ತಕದಲ್ಲಿ, ಅವರ ಲೆಕ್ಕ ಅವರ ಪುಸ್ತಕದಲ್ಲಿ, ಮೊಣಕೈ ಮಾತ್ರ ಒಂದೇ. ಡಿಪ್ಲೊಮಾ ಕೈಗೆ ಬಂದ ಸೀನಿಯರ್‌ಗಳೂ ಜುಲೈವರೆಗೆ ಶಾಲೆಯ ಜರ್ಸಿಯಲ್ಲೇ ಇರುತ್ತಾರೆ, ಕಾಲೇಜಿನವರು ಜೂನ್‌ನಲ್ಲೇ ಕರೆದರೆ ಕಷ್ಟ. ಮೇಜರ್ ಲೀಗ್ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಕೂಡ 2021ರಿಂದ ಜುಲೈಗೆ ಬಂದು ಇದರ ಮೇಲೇ ಕೂತಿದೆ.

ನಮ್ಮ ಮನೆಯಲ್ಲಂತೂ ಬೇಸಿಗೆಗೆ ಊರಿಗೆ ಹೋಗಿ ಮೂರು ವರ್ಷ ಆಯಿತು. ಹೋದ ಜುಲೈನಲ್ಲಿ ಜಾರ್ಜಿಯಾಕ್ಕೆ ಟಿಕೆಟ್ ಮಾಡಿಸಿದ್ದೆವು, ಅದೇ ವಾರಕ್ಕೆ ಶಾಲೆಯ ನಾಕೌಟ್ ಪಂದ್ಯ ಬಂತು. ಗೆಳೆಯರನ್ನು ಬಿಟ್ಟು ಬರೋದಿಲ್ಲ ಅಂದ ಮಗ. ನಾವೂ ಬಲವಂತ ಮಾಡಲಿಲ್ಲ. ಮೊದಲ ಪಂದ್ಯದಲ್ಲೇ ಸೋತರು. ಟಿಕೆಟ್ ದುಡ್ಡೂ ವಾಪಸ್ ಬರಲಿಲ್ಲ.