ಸಾಲಿ ಮೊದಲು ಯಾರಿಗೆ ತೆರೆಯಬೇಕಿತ್ತು?

ಕೊರೊನಾ ಕಾಲದ ಶಾಲೆಗಳ ಮಾತು ಬಂದಾಗಲೆಲ್ಲ, ಆಗಿನ ತಂದೆತಾಯಿಗಳಲ್ಲಿ ಅಂಜುಬುರುಕರದೊಂದು ಪಂಗಡ, ಧೈರ್ಯಸ್ಥರದೊಂದು ಪಂಗಡ ಇತ್ತು ಎನ್ನುವಂತೆ ಹಲವರು ಬರೆಯುತ್ತಾರೆ. ವಿಜಯಪುರ ಜಿಲ್ಲೆಯ ಸಿಂದಗಿ ಸೀಮೆಯ ಒಂದು ಸರ್ಕಾರಿ ಶಾಲೆಗೆ ಮಗಳ ಹೆಸರು ಹಚ್ಚಿದ್ದ ನನಗೆ ಹಾಗೆ ಕಂಡಿಲ್ಲ. ನಮ್ಮೂರಲ್ಲಿ ತೆರೆಯಿರಿ ಎಂದವರಿಗೂ ಬೇಡ ಎಂದವರಿಗೂ ರೋಗದ ಭಯ ಒಂದೇ ಸಮನಾಗಿತ್ತು. ಬೇರೆಯಾಗಿದ್ದದ್ದು ಅವರವರ ಮನೆಯ ಪರಿಸ್ಥಿತಿ. ದಮ್ಮಿನ ಮುದುಕರಿದ್ದ ಮನೆಯವರು "ಸಾಲಿ ಒಂದ್ ವರ್ಷ ಹೋದ್ರ ಹೋಗ್ಲಿ, ಜೀವ ಹೋದ್ರ ಹೊಳ್ಳಿ ಬರ್ತದೇನು" ಎಂದರು. ಗಂಡಹೆಂಡತಿ ಇಬ್ಬರೂ ಕೂಲಿಗೆ ಹೋಗುವ ಮನೆಯವರು "ಸಾಲಿ ಇಲ್ಲಂದ್ರ ಹುಡುಗ್ರು ಮನ್ಯಾಗ ಕುಂದರ್ತಾವೇನು? ಊರ ತುಂಬ ಅಡ್ಡಾಡ್ತಾವ, ಬಾವಿಗೆ ಈಸಾಕ ಹೋಗ್ತಾವ" ಎಂದರು. ಇಬ್ಬರ ಮಾತೂ ಸುಳ್ಳಾಗಿರಲಿಲ್ಲ. 2021ರ ಏಪ್ರಿಲ್‌ನಲ್ಲಿ ಪಕ್ಕದ ಜಿಲ್ಲೆಯಲ್ಲಿ ಬೆಳಗಾವಿ ಲೋಕಸಭಾ ಉಪಚುನಾವಣೆ ನಡೆದಿತ್ತು; ಚುನಾವಣಾ ಕರ್ತವ್ಯಕ್ಕೆ ಹೋದ ಶಿಕ್ಷಕರು ಕೊರೊನಾಗೆ ಬಲಿಯಾದ ಸುದ್ದಿಗಳನ್ನು ಎಲ್ಲರೂ ಓದಿದ್ದರು. ಅದಾದ ಮೇಲೆ ಅಂಜಬೇಡಿ ಎಂದು ಯಾರಿಗೂ ಹೇಳುವಂತಿರಲಿಲ್ಲ.

ನನ್ನ ತಕರಾರು ಇರುವುದು ಪೋಷಕರ ಜೊತೆಗಲ್ಲ, ಶಾಲೆ ತೆರೆದ ಕ್ರಮದ ಜೊತೆಗೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. 2021ರ ಜನವರಿ 1ಕ್ಕೆ ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿ, ಫೆಬ್ರುವರಿಯಲ್ಲಿ ಒಂಬತ್ತನೆಯದು, ಅದೇ ತಿಂಗಳ ಕೊನೆಗೆ ಆರರಿಂದ ಎಂಟನೆಯವು ತೆರೆದವು. ಎರಡನೆಯ ಅಲೆ ಇಳಿದ ಮೇಲೆ ಆಗಸ್ಟ್ 23ಕ್ಕೆ ಮತ್ತೆ ಒಂಬತ್ತನೆಯಿಂದ ಮೇಲಿನವರಿಗೆ, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟರವರಿಗೆ ಬಾಗಿಲು ತೆರೆಯಿತು. ಒಂದರಿಂದ ಐದನೆಯ ತರಗತಿಯವರ ಸರದಿ ಬಂದದ್ದು ಅಕ್ಟೋಬರ್ 25ಕ್ಕೆ, ಅದೂ ಮೊದಲ ವಾರ ಅರ್ಧ ದಿನಕ್ಕೆ. ಅಂದರೆ ಸಣ್ಣ ಮಕ್ಕಳು ಹತ್ತೊಂಬತ್ತು ತಿಂಗಳು ನಿಯಮಿತ ತರಗತಿಯನ್ನೇ ಕಾಣಲಿಲ್ಲ. ನಡುವೆ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ವಿದ್ಯಾಗಮ ಬಂತು. ನಮ್ಮ ಮಾಸ್ತರರು ಗುಡಿಯ ಕಟ್ಟೆಯ ಮೇಲೆ ಮಕ್ಕಳನ್ನು ದೂರದೂರ ಕೂಡಿಸಿ ನಿಜಕ್ಕೂ ಚೆನ್ನಾಗಿ ಕಲಿಸಿದರು, ಆದರೆ ಅಲ್ಲಲ್ಲಿ ಸೋಂಕಿನ ಸುದ್ದಿ ಬರುತ್ತಲೇ 2020ರ ಅಕ್ಟೋಬರ್‌ನಲ್ಲಿ ಅದಕ್ಕೂ ತಡೆ ಬಿತ್ತು. ಚಂದನ ವಾಹಿನಿಯ ಸಂವೇದ ಪಾಠಗಳು ಮೊದಲು ಆರಂಭವಾದದ್ದು ಎಂಟರಿಂದ ಹತ್ತನೆಯ ತರಗತಿಯವರಿಗೆ. ಪರೀಕ್ಷೆ ಹತ್ತಿರವಿದ್ದವರು ಮುಂದೆ, ಅಕ್ಷರ ಕಲಿಯಬೇಕಾದವರು ಹಿಂದೆ: ಸರದಿಯ ತರ್ಕ ಇಷ್ಟೇ ಆಗಿತ್ತು ಎಂದು ನನಗನಿಸುತ್ತದೆ.

ಸಣ್ಣವರಿಗೇ ಮೊದಲು ತೆರೆಯಬೇಕಿತ್ತು ಎಂಬುದು ಈಗ ಹೊಳೆದ ಬುದ್ಧಿಯಲ್ಲ. 2021ರ ಜುಲೈನಲ್ಲಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಗಿನ ಮಹಾನಿರ್ದೇಶಕ ಬಲರಾಂ ಭಾರ್ಗವ ಅವರು, ಸಣ್ಣ ಮಕ್ಕಳ ದೇಹ ವೈರಾಣುವನ್ನು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುವುದರಿಂದ, ಶಾಲಾ ಸಿಬ್ಬಂದಿಗೆ ಲಸಿಕೆ ಹಾಕಿಸಿ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ಒಳ್ಳೆಯದು ಎಂದಿದ್ದರು. ಆ ಮಂಡಳಿಯ ನಾಲ್ಕನೆಯ ಸೀರೋ ಸಮೀಕ್ಷೆಯಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳ ಪೈಕಿ ಶೇ 57ರಷ್ಟು ಮಂದಿಯ ರಕ್ತದಲ್ಲಿ, ಸೋಂಕು ತಗುಲಿದಾಗ ದೇಹದಲ್ಲಿ ಹುಟ್ಟುವ ಪ್ರತಿಕಾಯ ಕಂಡಿತ್ತು. ಅಂದರೆ ಶಾಲೆ ಮುಚ್ಚಿದ್ದರೂ ಸೋಂಕು ಮನೆಯೊಳಗೆ ಬಂದು ಹೋಗಿತ್ತು. ಈ ಮಾತನ್ನು ನಮ್ಮ ಊರಿಗೆ ಬಂದು ಕನ್ನಡದಲ್ಲಿ ಹೇಳಿದವರು ಯಾರೂ ಇಲ್ಲ. ಬಂದದ್ದು ಒಪ್ಪಿಗೆ ಪತ್ರ.

ಹಾಜರಾತಿ ಕಡ್ಡಾಯವಲ್ಲ, ಆದರೆ ಪೋಷಕರ ಸಹಿ ಕಡ್ಡಾಯ ಎಂಬುದು ಆಗಿನ ನಿಯಮ. ಕೇಳಲಿಕ್ಕೆ ಇದು ಪೋಷಕರಿಗೆ ಕೊಟ್ಟ ಸ್ವಾತಂತ್ರ್ಯದಂತಿದೆ. ನಡೆದದ್ದೇನೆಂದರೆ, ಸರ್ಕಾರ ತೂಗಿ ನೋಡಿ ಹೊರಬೇಕಾದ ನಿರ್ಧಾರದ ಭಾರವನ್ನು ಒಂದೊಂದು ಮನೆಯ ಮೇಲೆ ಬೇರೆಬೇರೆಯಾಗಿ ಹೇರಿದಂತಾಯಿತು. ಸರ್ಕಾರವನ್ನು ಕೇಳಬೇಕಾದ ಪ್ರಶ್ನೆಗಳನ್ನು ನೆರೆಹೊರೆಯವರು ಪರಸ್ಪರ ಕೇಳಿಕೊಂಡು ಜಗಳವಾಡಿದರು. ಸಹಿ ಮಾಡಿದವರು ಮಕ್ಕಳ ಮೇಲೆ ಕರುಳಿಲ್ಲದವರಾದರು, ಮಾಡದವರು ಮಕ್ಕಳ ಭವಿಷ್ಯ ಹಾಳು ಮಾಡುವವರಾದರು. ತಂದೆತಾಯಿ ದುಡಿಯಲು ಹೊರಗೆ ಹೋಗಿದ್ದ ಮನೆಗಳಲ್ಲಿ, ಅಕ್ಷರ ಬಾರದ ಅಜ್ಜಿಯೇ ಹೆಬ್ಬೆಟ್ಟು ಒತ್ತಿದಳು. ಆ ಹಾಳೆಯಲ್ಲಿ ಏನಿದೆಯೆಂದು ಅವಳಿಗೆ ಓದಿ ಹೇಳಿದವರು ಎಷ್ಟು ಮಂದಿಯೋ.

ಇನ್ನೊಂದು ವಿಚಿತ್ರವನ್ನು ಹೇಳದೆ ಇರಲಾರೆ. 2021ರ ಅಕ್ಟೋಬರ್ 30ಕ್ಕೆ ಸಿಂದಗಿ ವಿಧಾನಸಭಾ ಉಪಚುನಾವಣೆ ಇತ್ತು. ನಾವು ಒಂದನೆಯ ತರಗತಿಯ ಕೂಸು ಮಾಸ್ಕ್ ಹಾಕಿಕೊಂಡು ಕೂರಬಲ್ಲದೇ ಎಂದು ವಾದಿಸುತ್ತಿದ್ದ ಅದೇ ದಿನಗಳಲ್ಲಿ ಮಂದಿ ಪ್ರಚಾರದ ಸಭೆಗಳಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಶಾಲೆ ಬೇಡ ಎಂದು ಗಟ್ಟಿಯಾಗಿ ಹೇಳಿದ್ದ ಕೆಲವರೂ ಆ ಗುಂಪಿನಲ್ಲಿದ್ದರು. ಅವರನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ. ಸಭೆಗೆ ಹೋಗುವುದಕ್ಕೆ ಒಪ್ಪಿಗೆ ಪತ್ರವನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ತಡವಾದದ್ದರ ಪೆಟ್ಟು ಎಲ್ಲರಿಗೂ ಸಮನಾಗಿ ಬೀಳಲಿಲ್ಲ. ನಮ್ಮ ಭಾಗದಿಂದ ಕಬ್ಬು ಕಡಿಯುವ ಗ್ಯಾಂಗುಗಳು ಮಹಾರಾಷ್ಟ್ರದ ಕಡೆಗೆ ಹೊರಡುವುದು ದಸರಾ, ದೀಪಾವಳಿಯ ಹೊತ್ತಿಗೆ. ಆ ವರ್ಷ ದೀಪಾವಳಿ ನವೆಂಬರ್ ಮೊದಲ ವಾರದಲ್ಲಿತ್ತು. ಜೂನ್, ಜುಲೈನಲ್ಲಿ ಊರಲ್ಲೇ ಇದ್ದ ಮಕ್ಕಳಿಗೆ ಶಾಲೆ ಇರಲಿಲ್ಲ. ಶಾಲೆಯ ಬಾಗಿಲು ತೆರೆಯುವ ವೇಳೆಗೆ ಆ ಮಕ್ಕಳು ಗಾಡಿ ಹತ್ತಿದ್ದರು. ಬೆಂಗಳೂರಿನಲ್ಲಿ ದಿನಾಂಕ ಗೊತ್ತುಮಾಡಿದವರಿಗೆ ಕಬ್ಬಿನ ಹಂಗಾಮಿನ ಅಂದಾಜೇ ಇರಲಿಲ್ಲವೆಂದು ಕಾಣುತ್ತದೆ.

ಹಳ್ಳಿಯ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಕರ್ನಾಟಕದಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ಶೇ 19ರಷ್ಟಿದ್ದರು, 2021ರಲ್ಲಿ ಶೇ 10ಕ್ಕಿಂತ ಕೆಳಗಿಳಿದರು. ಮೊದಲೇ ಕಡಿಮೆಯಿದ್ದದ್ದು ಅರ್ಧವಾಯಿತು. 2022-23ರಲ್ಲಿ ಸರ್ಕಾರ ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮ ತಂದದ್ದು ಸರಿಯಾದ ಕೆಲಸವೇ, ಆದರೆ ಕಬ್ಬಿನ ಗದ್ದೆಗೆ ಹೋಗುವ ಮಕ್ಕಳಿಗೆ ಶೈಕ್ಷಣಿಕ ವರ್ಷ ಎಂದರೆ ಅರ್ಧ ವರ್ಷ. ಅವರು ಊರಿಗೆ ಮರಳುವ ಹೊತ್ತಿಗೆ ಬೇಸಿಗೆ ರಜೆ ಬಂದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅವರಿಗಾಗಿ ಬೆಳಗಿನ ಹೊತ್ತು ಪ್ರತ್ಯೇಕ ತರಗತಿ ನಡೆಸಿ, ಬಿಸಿಯೂಟವನ್ನೂ ಕೊಡಿ ಎಂದು ನಮ್ಮ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳಿದ್ದೇವೆ. ಈ ಬೇಡಿಕೆಗೆ ಮಾತ್ರ ನಮ್ಮೂರಿನ ಪೋಷಕರಲ್ಲಿ ಭಿನ್ನಾಭಿಪ್ರಾಯ ಬಂದಿಲ್ಲ. ಮೇಲಿನಿಂದ ಉತ್ತರವೂ ಬಂದಿಲ್ಲ.