ಮಾಂಸಖಂಡಕ್ಕೂ ಒಂದು ಬಿಪಿಎಲ್ ಕಾರ್ಡು

ನಮ್ಮ ಬಡಾವಣೆಯ ಉದ್ಯಾನಕ್ಕೆ ಬೆಳಿಗ್ಗೆ ನಡೆಯಲು ಬರುವ ಗಂಡಸರಲ್ಲಿ ಬಡವರಿಲ್ಲ ಎಂದೇ ನಾನು ತಿಳಿದಿದ್ದೆ. ಎಲ್ಲರೂ ನಿವೃತ್ತರು. ಪಿಂಚಣಿ ಬರುತ್ತದೆ, ಮೇಲಿನ ಮಹಡಿಯ ಬಾಡಿಗೆ ಬರುತ್ತದೆ, ವರ್ಷಕ್ಕೊಮ್ಮೆ ಅಮೆರಿಕದಿಂದ ಮಗನೂ ಬರುತ್ತಾನೆ. ಹೀಗಿರಲು ಕಳೆದ ತಿಂಗಳು ವೈದ್ಯರೊಬ್ಬರು ನನ್ನ ಕೈಗೆ ಇಕ್ಕಳದಂಥ ಉಪಕರಣವೊಂದನ್ನು ಕೊಟ್ಟು, 'ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹಿಸುಕಿ' ಎಂದರು. ಹಿಸುಕಿದೆ. ಮುಳ್ಳು 24 ಕಿಲೋ ತನಕ ಹೋಗಿ, ಮುಂದೆ ಹೋಗಲು ಮನಸ್ಸಿಲ್ಲದೆ ನಿಂತಿತು. ಏಷ್ಯಾದ ಗಂಡಸಿಗೆ 28 ಕಿಲೋ ಗಡಿಯಂತೆ. ಆಮೇಲೆ ಕೈಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು ಎಂದರು. 12 ಸೆಕೆಂಡಿನೊಳಗೆ ಮುಗಿಯಬೇಕು. ಮೂರನೆಯ ಸಲ ಏಳುವಾಗ, ಕಟ್ಟಿದ್ದ ಕೈಗಳು ನನ್ನ ಅಪ್ಪಣೆ ಕೇಳದೆಯೇ ಬಿಚ್ಚಿಕೊಂಡು ಕುರ್ಚಿಯ ತೋಳನ್ನು ಹುಡುಕಿದವು.

ವಯಸ್ಸಾದಂತೆ ಸ್ನಾಯು ಸೊರಗಿ ಬಲ ಕುಗ್ಗುವ ಈ ಕಾಯಿಲೆಗೆ ಸಾರ್ಕೋಪೀನಿಯಾ ಎಂದು ಹೆಸರು. 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬುವರು ಗ್ರೀಕ್ ಪದಗಳಿಂದ ಕಟ್ಟಿದ್ದು. ಸಾರ್ಕ್ಸ್ ಎಂದರೆ ಮಾಂಸ, ಪೀನಿಯಾ ಎಂದರೆ ಬಡತನ. ಎರಡು ಸೈಟು, ಒಂದು ಕಾರು ಉಳ್ಳ ನಾನು ಹೀಗೆ ನಿಂತ ನಿಲುವಿನಲ್ಲೇ ಬಡತನ ರೇಖೆಗಿಂತ ಕೆಳಗಿಳಿದೆ. ಒಬ್ಬನೇ ಇಳಿಯುವುದು ಬೇಸರದ ಸಂಗತಿಯಾದ್ದರಿಂದ, ಮರುದಿನ ಉದ್ಯಾನದಲ್ಲಿ ಸಿಕ್ಕವರ ಕೈಯನ್ನೆಲ್ಲ ಕುಲುಕಿ ಒಂದು ಗುಟ್ಟಿನ ಜನಗಣತಿ ನಡೆಸಿದೆ. ಸಮಾಧಾನವಾಯಿತು. ನಮ್ಮ ವಾಯುವಿಹಾರಿಗಳ ಸಂಘಕ್ಕೆ ಇಡಿಯಾಗಿ ಪಡಿತರ ಚೀಟಿ ಕೊಡಬಹುದು.

ಸಂಘ ಏನೂ ಮಾಡಿಲ್ಲ ಎನ್ನುವಂತಿಲ್ಲ. ಅರ್ಜಿ ಗುಜರಾಯಿಸಿ ಓಪನ್ ಜಿಮ್ ತರಿಸಿದ್ದೇ ಸಂಘ. ಹಳದಿ, ನೀಲಿ ಬಣ್ಣದ ಎಂಟು ಯಂತ್ರಗಳು. ಅವುಗಳ ಪಕ್ಕದಲ್ಲಿ ಹದಿನೇಳು ಹೆಸರು ಕೆತ್ತಿದ ಗ್ರಾನೈಟ್ ಕಲ್ಲು. ಆ ಕಲ್ಲನ್ನು ನಿಲ್ಲಿಸಲು ನಾಲ್ಕು ಮಂದಿ ಕೂಲಿಯಾಳುಗಳು ಹಗ್ಗ ಕಟ್ಟಿ ಹೊತ್ತು ತಂದರು. ಆ ಉದ್ಯಾನದಲ್ಲಿ ಇವತ್ತಿನವರೆಗೆ ಯಾರಾದರೂ ಎತ್ತಿರುವ ಭಾರ ಅದೊಂದೇ. ಮಾಜಿ ಕಾರ್ಪೊರೇಟರು ಟೇಪು ಕತ್ತರಿಸಿ, ಕಾಲು ಬೀಸುವ ಯಂತ್ರದ ಮೇಲೆ ಹತ್ತಿ, ಫೋಟೋ ಮುಗಿಯುವ ತನಕ ಬೀಸಿ ಇಳಿದರು. ಬೀಸುವುದೇನೂ ಕಷ್ಟವಲ್ಲ. ತೊಟ್ಟಿಲು ಜೀಕಿದಷ್ಟೇ ಸುಖ. ಭಾರವನ್ನು ಹೆಚ್ಚಿಸಲು ಅದರಲ್ಲಿ ಯಾವ ಏರ್ಪಾಡೂ ಇಲ್ಲ. ಎದೆಗೆ ಒತ್ತುವ ಯಂತ್ರದ ಒಂದು ಬೋಲ್ಟು ಬಿದ್ದುಹೋಗಿ ವರ್ಷವಾಯಿತು. ಈಗ ಅದರ ಒಂದು ಕೈಗೆ ಸ್ವೆಟರು, ಇನ್ನೊಂದು ಕೈಗೆ ಅಧ್ಯಕ್ಷರ ಕೊಡೆ ತೂಗುಹಾಕುತ್ತಾರೆ. ಆಸನದ ಮೇಲೆ ಫ್ಲಾಸ್ಕು.

ಗೇಟಿನ ಬಳಿ ಫಲಕವಿದೆ. ಓಡಬಾರದು. ಪ್ರದಕ್ಷಿಣೆಯಾಗಿ ಮಾತ್ರ ನಡೆಯಬೇಕು. ಮಕ್ಕಳು ಚೆಂಡು ತರಬಾರದು. ಹುಲ್ಲಿನ ಮೇಲೆ ಕಾಲಿಡಬಾರದು. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಪ್ರವೇಶವಿಲ್ಲ. ಚರ್ಮ ವಿಟಮಿನ್ 'ಡಿ' ತಯಾರಿಸಬೇಕಾದರೆ ನಡು ಹಗಲಿನ ಬಿಸಿಲು ಬೇಕು. ಅದು ಬರುವ ಹೊತ್ತಿಗೆ ಸರಿಯಾಗಿ ಬೀಗ ಬೀಳುತ್ತದೆ. ನಾವು ಬರುವುದು ಐದೂವರೆಗೆ, ಮಂಕಿ ಕ್ಯಾಪು, ಮಫ್ಲರು, ತುಂಬುತೋಳಿನ ಸ್ವೆಟರಿನಲ್ಲಿ. ಸೂರ್ಯ ಮನಸ್ಸು ಮಾಡಿದರೂ ಮೂಗಿನ ತುದಿಯೊಂದೇ ಅವನಿಗೆ ಸಿಗುವ ಜಾಗ.

ಮೂಳೆಯ ಮಾತು ತೆಗೆದರೆ ಕಾರ್ಯದರ್ಶಿಗಳು ನಗುತ್ತಾರೆ. 'ಅದು ಹೆಂಗಸರ ಸಮಾಚಾರ ರಾಯರೇ, ನಮಗೇಕೆ?' ಹೆಂಗಸರಿಗೆ ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ, ನಿಜ. ಗಂಡಸಿಗೆ ನಿಧಾನವಾಗಿ, ಸದ್ದಿಲ್ಲದೆ ಸವೆಯುತ್ತದೆ. ಆದರೆ ಸೊಂಟದ ಮೂಳೆ ಮುರಿದುಕೊಂಡು ಮಲಗಿದವರಲ್ಲಿ ವರ್ಷದೊಳಗೆ ಸಾಯುವ ಸಂಭವ ಗಂಡಸರಿಗೇ ಹೆಚ್ಚು. ದೇಹದ್ದು ಜಿಪುಣನ ಲೆಕ್ಕ. ಭಾರ ಬೀಳದ ಮೂಳೆಗೆ, ಕೆಲಸ ಕೊಡದ ಸ್ನಾಯುವಿಗೆ ಅದು ಸುಮ್ಮನೆ ಖರ್ಚು ಮಾಡುವುದಿಲ್ಲ. ನಾವಾದರೋ ಭಾರದ ಕೆಲಸವನ್ನೆಲ್ಲ ಒಂದೊಂದಾಗಿ ಬೇರೆಯವರಿಗೆ ಹೊರಿಸಿದ್ದೇವೆ. ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಹುಡುಗನೊಬ್ಬ ಎರಡನೇ ಮಹಡಿಗೆ ಹೊತ್ತು ತರುತ್ತಾನೆ. ಅರ್ಧ ಕಿಲೋ ಹುರುಳಿಕಾಯಿಗೆ ಇನ್ನೊಬ್ಬ ಹುಡುಗ ಹತ್ತು ನಿಮಿಷದಲ್ಲಿ ಬಂದು ಗಂಟೆ ಒತ್ತುತ್ತಾನೆ. ಇದೇ ಊರಿನ ಪೇಟೆಯ ಗರಡಿ ಮನೆಗಳಲ್ಲಿ ಕೆಮ್ಮಣ್ಣಿನ ಮೇಲೆ ಗದೆ ತಿರುಗಿಸಿದವರಿದ್ದರು, ಕರಗ ಉತ್ಸವದ ವೀರಕುಮಾರರು ಇವತ್ತಿಗೂ ಗರಡಿಗೆ ಇಳಿಯುತ್ತಾರೆ. ನಮಗೆ ಗರಡಿ ಎಂದರೆ ಕನ್ನಡ ಪದಬಂಧದಲ್ಲಿ ಬರುವ ಮೂರಕ್ಷರ.

ಹಾಗೆಂದು ಅರಿವಿಗೇನೂ ಬರವಿಲ್ಲ. ಹೋದ ಭಾನುವಾರ ಸಂಘದಿಂದ 'ಚಟುವಟಿಕೆಯ ಮುಪ್ಪು' ಎಂಬ ವಿಚಾರ ಸಂಕಿರಣ ನಡೆಯಿತು. ಎರಡೂವರೆ ಗಂಟೆ ಕುಳಿತೆವು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಒಂಬತ್ತು ಮಂದಿಗೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಬುಟ್ಟಿಯನ್ನು ಅಧ್ಯಕ್ಷರ ಕೈಯಿಂದ ಇಸಿದುಕೊಂಡು ಕಾರಿನವರೆಗೆ ಒಯ್ಯಲು ಡ್ರೈವರು ಕಾದಿದ್ದರು. ಕೊನೆಗೆ ಉಳಿದ ಹದಿನೈದು ನಿಮಿಷದಲ್ಲಿ ವೈದ್ಯರು ಮಾತಾಡಿದರು. 65 ದಾಟಿದವರೂ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ಓಡಾಡಬೇಕು, ಎರಡು ದಿನ ಸ್ನಾಯುವಿಗೆ ಭಾರ ಕೊಡಬೇಕು, ಮೂರು ದಿನ ಸಮತೋಲನದ ಅಭ್ಯಾಸ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ ಎಂದರು. 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನದ ಕಥೆ ಹೇಳಿದರು: ವೃದ್ಧಾಶ್ರಮದಲ್ಲಿದ್ದ 90ರ ಆಸುಪಾಸಿನ ಹತ್ತು ಜನರಿಂದ ಎಂಟು ವಾರ ಕಾಲಿನಲ್ಲಿ ಭಾರ ಎತ್ತಿಸಿದರು; ಕೊನೆಯ ತನಕ ಉಳಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಉಪಸಂಹಾರದಲ್ಲಿ, 'ಬಾಸ್ಟನ್ನಿನ ಹವೆ ಬೇರೆ' ಎಂದು ಅಪ್ಪಣೆ ಕೊಡಿಸಿದರು.

ಸಮತೋಲನದ ಅಭ್ಯಾಸವನ್ನು ಮಾತ್ರ ನಗರವೇ ಪುಕ್ಕಟೆಯಾಗಿ ಒದಗಿಸಿದೆ. ಪಾದಚಾರಿ ಮಾರ್ಗದ ಅಂಚು 150 ಮಿಲಿಮೀಟರಿಗಿಂತ ಎತ್ತರ ಇರಬಾರದು ಎಂದು ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಬರೆದಿಟ್ಟಿದೆ. ನಮ್ಮ ರಸ್ತೆಯಲ್ಲಿ ನನ್ನ ಮೊಣಕಾಲನ್ನು ಕೇಳಿ, ಅಳತೆ ಹೇಳುತ್ತದೆ.

ವಿಚಾರ ಸಂಕಿರಣದ ಅಂತ್ಯಕ್ಕೆ ನಾಡಗೀತೆ ಶುರುವಾದಾಗ ಎಲ್ಲರೂ ಏಳಲೇಬೇಕಾಯಿತು. ಅಂದಿನ ವ್ಯಾಯಾಮ ಅದೇ. ಪ್ಲಾಸ್ಟಿಕ್ ಕುರ್ಚಿಗಳು ಕಿರುಗುಟ್ಟಿದವು, ಪಕ್ಕದವರ ಹೆಗಲನ್ನು ಪಕ್ಕದವರು ಹಿಡಿದರು, ಖಜಾಂಚಿಗಳು ನೆಟ್ಟಗೆ ನಿಲ್ಲುವಷ್ಟರಲ್ಲಿ ಗೀತೆ ಮುಗಿದಿತ್ತು. ಆಮೇಲೆ ದರ್ಶಿನಿಯಲ್ಲಿ ಖಾಲಿ ದೋಸೆ ತಿನ್ನುತ್ತ ರಾಗಿಯ ಗುಣಗಾನ ನಡೆಯಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದು ಒಬ್ಬರು ಮೊಬೈಲ್ ನೋಡಿ ಓದಿದರು. ಮುದ್ದೆಯನ್ನು ಯಾರೂ ಕೇಳಲಿಲ್ಲ.

ಉದ್ಯಾನದ ಮೂಲೆಯಲ್ಲಿ ಒಂದು ಪುಟ್ಟ ಗಣಪತಿ ಗುಡಿ ಇದೆ. ಬಸ್ಕಿಯನ್ನು ಕೇಳುವ ದೇವರು ಅವನೊಬ್ಬನೇ, ಮತ್ತು ಅವನಿಗೆ ಮೋಸ ಮಾಡುವುದನ್ನು ನಾವೆಲ್ಲ ಕಲಿತಿದ್ದೇವೆ: ಕಿವಿ ಹಿಡಿದು, ಮೊಣಕಾಲನ್ನು ಎರಡು ಬೆರಳಿನಷ್ಟು ಬಗ್ಗಿಸಿ, ತಲೆಯನ್ನು ಮೂರು ಸಲ ಅಲ್ಲಾಡಿಸಿದರೆ ಸಂದಾಯ. ನಿನ್ನೆ ಯಾರೂ ಇಲ್ಲದ ಹೊತ್ತು ನೋಡಿ, ನಾನು ಶಾಲೆಯಲ್ಲಿ ಮೇಷ್ಟರು ಹಾಕಿಸುತ್ತಿದ್ದಂತೆ ಪೂರ್ತಿ ಕೂತು ಏಳಲು ನಿಶ್ಚಯಿಸಿದೆ. ಒಂದು ಆಯಿತು. ಎರಡು ಆಯಿತು. ಮೂರನೆಯದಕ್ಕೆ ಕೂತವನು ಅಲ್ಲೇ ಉಳಿದೆ. ಕಿವಿ ಇನ್ನೂ ಕೈಯಲ್ಲೇ ಇತ್ತು.

ಗಿಡಗಳಿಗೆ ನೀರು ಹಾಕುವ ಹೆಂಗಸು ಎರಡೂ ಕೈಯಲ್ಲಿ ತುಂಬಿದ ಕೊಡ ಹಿಡಿದು ಆ ಕಡೆಯೇ ಬಂದರು. ನನಗಿಂತ ಎರಡು ವರ್ಷ ದೊಡ್ಡವರಿರಬಹುದು. ಒಂದು ಕೊಡವನ್ನು ಕೆಳಗಿಟ್ಟರು, ಇನ್ನೊಂದನ್ನು ಇಡುವ ಅಗತ್ಯ ಅವರಿಗೆ ಕಾಣಲಿಲ್ಲ. ಖಾಲಿಯಾದ ಕೈಯಿಂದ ನನ್ನ ರಟ್ಟೆ ಹಿಡಿದು ಸೊಪ್ಪಿನ ಕಟ್ಟು ಎತ್ತಿದ ಹಾಗೆ ಎತ್ತಿ ನಿಲ್ಲಿಸಿದರು.

'ನಡೆಯಿರಿ ಸ್ವಾಮಿ, ಹತ್ತು ಗಂಟೆ ಆಯಿತು' ಎಂದರು. 'ಗೇಟಿಗೆ ಬೀಗ ಹಾಕಬೇಕು.'