ನಗದೆ ನಗಿಸುವ ವಿದ್ಯೆ

ಹನುಮಂತನಗರದ ನಮ್ಮ ಸೋದರಮಾವನ ಮನೆಯಲ್ಲಿ ಭಾನುವಾರದ ಊಟವಾದ ಮೇಲೆ ಟಿವಿಯಲ್ಲಿ ಹಳೆಯ ಸಿನಿಮಾ ನೋಡುವುದು ಒಂದು ವ್ರತದಂತೆ ನಡೆದುಕೊಂಡು ಬಂದಿದೆ. ಮೊನ್ನೆ ಬಂದ ಚಿತ್ರದಲ್ಲಿ ಒಬ್ಬ ಗುಮಾಸ್ತ, ಅರ್ಜಿ ಹಿಡಿದು ನಿಂತ ರೈತನ ಮುಖವನ್ನೂ ನೋಡದೆ, ಮೇಜಿನ ಡ್ರಾಯರನ್ನು ಮೊಣಕಾಲಿನಿಂದ ಮೆಲ್ಲಗೆ ಅರ್ಧ ತೆರೆದು, ಕಡತದ ಮೇಲಿನ ಧೂಳನ್ನು ಊದುತ್ತ ಕುಳಿತಿದ್ದ. ಮಾತಿಲ್ಲ, ಕತೆಯಿಲ್ಲ. ರೈತ ಡ್ರಾಯರಿನ ಕಡೆ ನೋಡಿದ, ಗುಮಾಸ್ತ ತಲೆಯ ಮೇಲಿನ ಫ್ಯಾನಿನ ಕಡೆ ನೋಡಿದ. ಮಾವ ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ನಮ್ಮ ಸೆಕ್ಷನ್ನಿನಲ್ಲೂ ಇಂಥವನೊಬ್ಬ ಇದ್ದ ಕಣೋ” ಎಂದರು. ಅವರು ನಿವೃತ್ತರಾದದ್ದು ಈ ನಗರದ ಒಂದು ಸರ್ಕಾರಿ ಕಚೇರಿಯಿಂದ. ಯಾವುದೆಂದು ಹೇಳುವುದು ಬೇಡ, ಅಲ್ಲಿ ನನ್ನದೂ ಒಂದು ಅರ್ಜಿ ಇದೆ.

ಮಾವನನ್ನು ಅಷ್ಟು ನಗಿಸಿದ್ದು ಏನು ಎಂದು ನಾನು ಆ ಮಧ್ಯಾಹ್ನವೆಲ್ಲ ಯೋಚಿಸಿದೆ. ನಗೆಯ ಚೇಷ್ಟೆಗಳಿಗೆ ಕನ್ನಡದಲ್ಲಿ ಹೆಸರಿನ ಬರವಿಲ್ಲ: ಗೇಲಿ, ಲೇವಡಿ, ಅಣಕ, ಕೊಂಕು, ಕುಹಕ, ಕುಚೋದ್ಯ. ಗೇಲಿಗೆ ಎದುರಾಳಿ ಬೇಕು, ಕೊಂಕಿಗೆ ನೆಂಟರು ಬೇಕು, ಕುಚೋದ್ಯಕ್ಕೆ ಸ್ವಲ್ಪ ಬಿಡುವಿದ್ದರೆ ಸಾಕು. ವಿಡಂಬನೆಯ ಜಾತಿ ಬೇರೆ. ಸಂಸ್ಕೃತದಲ್ಲಿ ಆ ಪದಕ್ಕೆ ಪರಿಹಾಸ ಎಂಬ ಅರ್ಥದ ಜೊತೆಗೇ ಅನುಕರಣೆ ಎಂಬ ಅರ್ಥವೂ ಇದೆ, ಮತ್ತು ಅದರ ಗುಟ್ಟೆಲ್ಲ ಆ ಎರಡನೆಯ ಅರ್ಥದಲ್ಲಿದೆ ಎಂದು ನನಗೆ ತೋರುತ್ತದೆ. ವಿಡಂಬಕ ತಾನು ಗುರಿಯಿಟ್ಟದ್ದನ್ನು ಚಾಚೂ ತಪ್ಪದೆ, ಭಕ್ತಿಯಿಂದ ಎನ್ನುವಷ್ಟು ನಿಷ್ಠೆಯಿಂದ ಅನುಕರಿಸುತ್ತಾನೆ. ಎಲ್ಲವನ್ನೂ ಇದ್ದಂತೆಯೇ ಇಟ್ಟು ಯಾವುದೋ ಒಂದನ್ನು ಮಾತ್ರ ಜರುಗಿಸಿ, ಏನೂ ಅರಿಯದವನಂತೆ ಪಕ್ಕಕ್ಕೆ ನಿಲ್ಲುತ್ತಾನೆ. ನಮ್ಮ ಎಷ್ಟೋ ಚಿತ್ರಗಳ ಕಾಮಿಡಿ ಟ್ರ್ಯಾಕು ಸೋಲುವುದು ಇಲ್ಲಿಯೇ. ಹಾಸ್ಯನಟ ಬಾಗಿಲು ದಾಟುವ ಮೊದಲೇ ಹಿನ್ನೆಲೆಯಲ್ಲಿ ‘ಟೊಂಯ್’ ಎಂದು ಒಂದು ಸದ್ದು ಕೇಳಿಸಿ, ಈಗ ನಗತಕ್ಕದ್ದು ಎಂಬ ಸುತ್ತೋಲೆ ಪ್ರೇಕ್ಷಕರಿಗೆ ತಲುಪಿಬಿಡುತ್ತದೆ.

ಮುಖ ಗಂಭೀರವಾಗಿಟ್ಟುಕೊಳ್ಳುವುದರ ಬಲವನ್ನು ಬೆಂಗಳೂರು ತನ್ನದೇ ರಸ್ತೆಯಲ್ಲಿ ಕಂಡಿದೆ. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2 ಚಂದ್ರನನ್ನು ಸುತ್ತುತ್ತಿದ್ದ ದಿನಗಳಲ್ಲಿ, ಕಲಾವಿದ ಬಾದಲ್ ನಂಜುಂಡಸ್ವಾಮಿ ಒಂದು ಪುಟ್ಟ ವೀಡಿಯೊ ಹೊರತಂದರು. ಕತ್ತಲು, ಉಬ್ಬುತಗ್ಗಾದ ಬೂದು ನೆಲ, ಬಿಳಿಯ ದಿರಿಸು ತೊಟ್ಟ ಗಗನಯಾತ್ರಿಯೊಬ್ಬ ಗುರುತ್ವವಿಲ್ಲದವನಂತೆ ಒಂದೊಂದೇ ಹೆಜ್ಜೆಯನ್ನು ತೇಲಿಸುತ್ತ ಕುಳಿಗಳ ನಡುವೆ ನಡೆದು ಬರುತ್ತಾನೆ. ನೋಡುವವನು ಚಂದ್ರಲೋಕದ ಗಾಂಭೀರ್ಯಕ್ಕೆ ತಲೆಬಾಗುವಷ್ಟರಲ್ಲಿ ಅವನ ಪಕ್ಕದಲ್ಲಿ ಹೆಡ್‌ಲೈಟ್ ಹಾಕಿಕೊಂಡು ಒಂದು ಆಟೋರಿಕ್ಷಾ ಹಾದುಹೋಗುತ್ತದೆ. ಆಗ ತಿಳಿಯುತ್ತದೆ, ಅದು ಹೇರೋಹಳ್ಳಿ ಕಡೆಯ ತುಂಗಾನಗರದ ಮುಖ್ಯರಸ್ತೆ ಎಂದು. ರಸ್ತೆ ಗುಂಡಿಗಳ ಬಗ್ಗೆ ಈ ಊರಿನಲ್ಲಿ ಬರೆದ ಮನವಿಗಳನ್ನು ಹರಿದು ಸುರಿದಿದ್ದರೆ ಆ ಗುಂಡಿಗಳೇ ಮುಚ್ಚಿಹೋಗುತ್ತಿದ್ದವೇನೋ. ಈ ವೀಡಿಯೊದಲ್ಲಿ ಮನವಿಯಿಲ್ಲ, ದೂರಿಲ್ಲ, ಒಂದು ಮಾತೂ ಇಲ್ಲ. ಪಾಲಿಕೆ ತಡಮಾಡದೆ ಜಲ್ಲಿ ತಂದು ದುರಸ್ತಿಗಿಳಿಯಿತು. ಆ ನಟನ ನಡಿಗೆಯನ್ನು ನಾನು ಹಲವು ಸಲ ನೋಡಿದ್ದೇನೆ. ಅವನು ಒಮ್ಮೆ ಎಡವಿದ್ದರೆ, ಒಮ್ಮೆ ಕ್ಯಾಮೆರಾದ ಕಡೆ ತಿರುಗಿ ಕಣ್ಣು ಮಿಟುಕಿಸಿದ್ದರೆ, ಅದು ಬರೀ ತಮಾಷೆಯಾಗಿ ಉಳಿದುಬಿಡುತ್ತಿತ್ತು. ಅವನು ಕೊನೆಯವರೆಗೂ ಚಂದ್ರನ ಮೇಲೆಯೇ ಇದ್ದ. ಭೂಮಿಗೆ ಬಿದ್ದವರು ನಾವು.

ಮಾತೇ ಇಲ್ಲದೆ ಎರಡು ಗಂಟೆಗೂ ಹೆಚ್ಚು ಕಾಲ ಇದೇ ಕೆಲಸ ಮಾಡಿದ ಚಿತ್ರವೂ ಈ ಊರಿನಲ್ಲಿಯೇ ತಯಾರಾಯಿತು. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿ, ಶೃಂಗಾರ್ ನಾಗರಾಜ್ ಅವರೊಡಗೂಡಿ ನಿರ್ಮಿಸಿದ, 1987ರ ‘ಪುಷ್ಪಕ ವಿಮಾನ’ದ ಬಹುಪಾಲು ಚಿತ್ರೀಕರಣ ನಡೆದದ್ದು ಇಲ್ಲಿನ ವಿಂಡ್ಸರ್ ಮ್ಯಾನರ್ ಹೋಟೆಲಿನಲ್ಲಿ. ಸಿನಿಮಾ ಟಾಕೀಸಿನ ಪಕ್ಕದ ವಠಾರದಲ್ಲಿ ವಾಸಿಸುವ ನಿರುದ್ಯೋಗಿಯೊಬ್ಬ, ಕಮಲ್ ಹಾಸನ್, ಶ್ರೀಮಂತನೊಬ್ಬನ ಜಾಗದಲ್ಲಿ ಹೋಗಿ ಆ ಐಷಾರಾಮದಲ್ಲಿ ಮಲಗಿದರೆ ನಿದ್ದೆಯೇ ಬರುವುದಿಲ್ಲ. ಕಡೆಗೆ ಟಾಕೀಸಿನಿಂದ ತೇಲಿಬರುವ ಹೊಡೆದಾಟದ ಸದ್ದನ್ನು ಟೇಪಿನಲ್ಲಿ ಹಿಡಿದು ತಂದು, ಹಾಸಿಗೆಯ ಬಳಿ ಹಾಕಿಕೊಂಡು, ಮಗುವಿನಂತೆ ನಿದ್ರಿಸುತ್ತಾನೆ. ನಗರದ ಸದ್ದನ್ನು ಬೈಯುತ್ತಲೇ ಅದಿಲ್ಲದ ಊರಿಗೆ ಹೋದಾಗ ಹೊರಳಾಡುವ ನಮ್ಮಂಥವರ ಕುರಿತು ಇದಕ್ಕಿಂತ ಮೃದುವಾದ ಏಟನ್ನು ನಾನು ಕಾಣೆ.

ಅದೇ ಚಿತ್ರದಲ್ಲಿ ಮೃದುವಲ್ಲದ್ದೂ ಇದೆ. ನಾಯಕ ಗತ್ತಿನಿಂದ ತನ್ನ ನಾಣ್ಯ ತೋರಿಸಿದರೆ, ಬೀದಿಬದಿಯ ಭಿಕ್ಷುಕ ಅದನ್ನು ಮೀರಿಸುವಂತೆ ನೋಟು ತೋರಿಸುತ್ತಾನೆ. ಮುಂದೆ ಅವನು ಸತ್ತಾಗ ಅವನ ಅಡಿಯಲ್ಲಿದ್ದ ಹಣಕ್ಕೆ ಜನ ಮುಗಿಬೀಳುತ್ತಾರೆ, ಹೆಣ ಯಾರಿಗೂ ಬೇಡವಾಗುತ್ತದೆ. ಮೊದಲ ದೃಶ್ಯಕ್ಕೆ ನಕ್ಕವರು ಎರಡನೆಯದಕ್ಕೂ ನಗಲು ಬಾಯಿ ತೆರೆದು ಹಾಗೆಯೇ ಉಳಿಯುತ್ತಾರೆ. ಒಳ್ಳೆಯ ವಿಡಂಬನೆ ನಗುವಿನ ಸಾಲ ಕೊಟ್ಟು ಆಮೇಲೆ ವಸೂಲಿಗೆ ಬರುತ್ತದೆ.

ವಸೂಲಿಯಾಗದ ಸಾಲವೂ ಉಂಟು. ಚಾಪ್ಲಿನ್ ಮತ್ತು ಹಿಟ್ಲರ್ 1889ರ ಏಪ್ರಿಲ್‌ನಲ್ಲಿ ನಾಲ್ಕು ದಿನಗಳ ಅಂತರದಲ್ಲಿ ಹುಟ್ಟಿದವರು. ಮೀಸೆಯಂತೂ ಒಂದೇ ಅಚ್ಚು. ‘ದಿ ಗ್ರೇಟ್ ಡಿಕ್ಟೇಟರ್’ 1940ರಲ್ಲಿ ಬಂದಾಗ, ಭೂಗೋಲದ ಬಲೂನನ್ನು ಬೆನ್ನಿನಿಂದ ಚಿಮ್ಮಿಸುತ್ತ ನರ್ತಿಸುವ ಸರ್ವಾಧಿಕಾರಿಯನ್ನು ಕಂಡು ಜಗತ್ತು ನಕ್ಕಿತು. ಯಾತನಾ ಶಿಬಿರಗಳಲ್ಲಿ ನಿಜಕ್ಕೂ ನಡೆಯುತ್ತಿದ್ದುದು ತಿಳಿದಿದ್ದರೆ ತಾನು ಆ ಚಿತ್ರ ಮಾಡಲಾಗುತ್ತಿರಲಿಲ್ಲ ಎಂದು ಚಾಪ್ಲಿನ್ ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡರು. ಆ ಒಪ್ಪಿಗೆಯ ಮೇಲೆ ನನಗೆ ಆ ಬಲೂನಿಗಿಂತ ಹೆಚ್ಚಿನ ಗೌರವವಿದೆ.

ನಮ್ಮ ಡ್ರಾಯರಿನ ಗುಮಾಸ್ತನ ಹಂತದಲ್ಲಿ ಅಂಥ ಭಯವಿಲ್ಲ, ಆದರೆ ಬೇರೊಂದು ತೊಡಕಿದೆ. ಚಿತ್ರದ ಆರಂಭದಲ್ಲಿ ‘ಇಲ್ಲಿನ ಪಾತ್ರಗಳೆಲ್ಲ ಕೇವಲ ಕಾಲ್ಪನಿಕ’ ಎಂದು ಬರೆದು ತೋರಿಸುತ್ತಾರಷ್ಟೆ. ನಿರ್ಮಾಪಕ ಅದನ್ನು ಕೋರ್ಟಿಗೆ ಹೆದರಿ ಹಾಕಿರುತ್ತಾನೆ; ಪ್ರೇಕ್ಷಕ ಮಾತ್ರ ಅದನ್ನು ತನ್ನೊಬ್ಬನಿಗೇ ಕೊಟ್ಟ ಜಾಮೀನು ಎಂದು ತಿಳಿಯುತ್ತಾನೆ. ಪಕ್ಕದ ಸೀಟಿನವನ ಮುಖ ತೆರೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ, ಮುಂದಿನ ಸಾಲಿನವನದು ಇನ್ನೂ ಸ್ಪಷ್ಟ. ಅರ್ಜಿ ಬೇಗ ಸರಿಯಲಿ ಎಂದು ‘ಪರಿಚಯದವರು ಯಾರಾದರೂ ಇದ್ದಾರೆಯೇ’ ಎಂದು ವಿಚಾರಿಸುವ ನಾನು, ಆ ರೈತ ಜೇಬಿಗೆ ಕೈಹಾಕಿದಾಗ ಮಾವನಷ್ಟೇ ಜೋರಾಗಿ ನಕ್ಕಿದ್ದೆ.

ಜಾಹೀರಾತು ಮುಗಿದು ಚಿತ್ರ ಮುಂದುವರಿಯಿತು. ಅತ್ತೆ ಕಾಫಿಯ ತಟ್ಟೆ ಹಿಡಿದು ಬರುವ ಹೊತ್ತಿಗೆ ಗುಮಾಸ್ತ ಇನ್ನೊಬ್ಬ ಬಡಪಾಯಿಗಾಗಿ ಮತ್ತೆ ಮೊಣಕಾಲು ಚಾಚಿದ್ದ. ಮಾವ ಈ ಸಲ ನಗಲಿಲ್ಲ. ಹುಬ್ಬು ಗಂಟಿಕ್ಕಿ, ಶಿಷ್ಯನ ಕಛೇರಿಯಲ್ಲಿ ತಾಳ ತಪ್ಪಿದ್ದನ್ನು ಕೇಳಿದ ವಿದ್ವಾಂಸರಂತೆ ತಲೆಯಾಡಿಸಿದರು.

“ಎಲ್ಲ ಸರಿಯಾಗಿ ಮಾಡಿದಾನೆ. ಆದರೆ ಡ್ರಾಯರನ್ನ ಮೊಣಕಾಲಲ್ಲಿ ತೆಗೀಬಾರದು ಕಣೋ, ಸದ್ದಾಗುತ್ತೆ.”

ಅತ್ತೆ ಕಾಫಿಯ ತಟ್ಟೆಯನ್ನು ನನ್ನ ಮುಂದಿಟ್ಟು, ಮಾವನ ಮುಖವನ್ನೇ ನೋಡುತ್ತ ನಿಂತರು.